ಸಾಯಲು ಒಲ್ಲದ ಕೋಶ: ಜಕ್ಕಲಿಯ ಒಂದು ಗಂಟಿನಿಂದ ಶುರುವಾದ ಚರಿತ್ರೆ

(ನಮ್ಮ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹರೂಪ)



ಇವತ್ತಿನ ಕಥೆ ಶುರುವಾಗೋದು ನಮ್ಮೂರು ಜಕ್ಕಲಿಯಲ್ಲಿ. ಗದಗ ಜಿಲ್ಲೆ, ರೋಣ ತಾಲೂಕು. ಏಕೀಕರಣದ ಹೋರಾಟ ಓದಿದವರಿಗೆ ಅಂದಾನಪ್ಪ ದೊಡ್ಡಮೇಟಿಯವರ ಊರು ಅಂದರೆ ತಟ್ಟನೆ ಗೊತ್ತಾಗುತ್ತದೆ. ಆದರೆ ನಾನಿವತ್ತು ಹೇಳಹೊರಟಿದ್ದು ಆ ಚರಿತ್ರೆಯನ್ನಲ್ಲ. ನಮ್ಮ ಚಿಗವ್ವನ ಕುತ್ತಿಗೆಯಲ್ಲಿದ್ದ ಒಂದು ಗಂಟಿನ ಚರಿತ್ರೆಯನ್ನು.

ಮೊದಲು ನೋಡಿದಾಗ ಗಂಟು ಹುಣಸೆಬೀಜದಷ್ಟಿತ್ತು. ನೋವಿಲ್ಲ, ಜ್ವರ ಇಲ್ಲ. ಒಂದು ಸುಗ್ಗಿ ಹೋಗಿ ಇನ್ನೊಂದು ಸುಗ್ಗಿ ಬಂದರೂ ಅದು ಹುಣಸೆಬೀಜದಿಂದ ಅಡಿಕೆಯಷ್ಟಾಗಿತ್ತು, ಅಷ್ಟೇ. ತೋರಿಸೋಣ ಬಾ ಅಂದರೆ ಚಿಗವ್ವನ ಉತ್ತರ ಒಂದೇ: "ಅದೇನ್ ಬೆಳ್ಯಾಕತ್ತಿಲ್ಲಲ್ಲೋ ತಮ್ಮಾ. ಬೆಳೀಲಾರದ್ದು ನನಗೇನ್ ಮಾಡೀತು?" ಈ ಪ್ರಶ್ನೆಯನ್ನು ನೆನಪಿಡಿ. ವೈದ್ಯವಿಜ್ಞಾನ ನೂರು ವರ್ಷ ಎಡವಿದ್ದು ಇದೇ ಪ್ರಶ್ನೆಯ ಮೇಲೆ.

ಕೊನೆಗೊಮ್ಮೆ ಬಯಾಪ್ಸಿ ಆಯಿತು. ಫಾಲಿಕ್ಯುಲರ್ ಲಿಂಫೋಮಾ ಅಂತ ರಿಪೋರ್ಟು ಬಂತು. ದುಗ್ಧರಸ ಗ್ರಂಥಿಗಳಲ್ಲಿ, ಬಿ ಕೋಶ ಅನ್ನುವ ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಕ್ಯಾನ್ಸರ್. ಮನೆಯವರೆಲ್ಲ ಕೀಮೋಗೆ ಎಷ್ಟಾಗುತ್ತೆ, ಯಾರ ಹತ್ತಿರ ಕೇಳಬೇಕು ಅಂತ ಲೆಕ್ಕ ಹಾಕುತ್ತಾ ಕೂತಿದ್ದರೆ ಡಾಕ್ಟರು ಹೇಳಿದ್ದೇ ಬೇರೆ: "ಈಗೇನೂ ಔಷಧ ಬೇಡ್ರಿ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗ್ರಿ." ಬಸ್ಸಿನಲ್ಲಿ ಬರುವಾಗ ಯಾರೂ ಮಾತಾಡಲಿಲ್ಲ. ಮನೆಗೆ ಬಂದಮೇಲೆ ಕಾಕಾ ಒಂದೇ ಮಾತು ಅಂದರು, "ಕೈ ಬಿಟ್ರು." ಒಬ್ಬರು ಮಿರಜಕ್ಕೆ ಕರಕೊಂಡು ಹೋಗೋಣ ಅಂದರು, ಇನ್ನೊಬ್ಬರು ಬೇರಿನ ಔಷಧದವರ ಹೆಸರು ಹೇಳಿದರು. ಹಾಗೆ ಮೂರು ತಿಂಗಳು ಆ ಮನೆಯಲ್ಲಿ ಸೂತಕದ ವಾತಾವರಣವೇ ಇತ್ತು ಅನ್ನಿ.

ಎರಡನೇ ಸಲ ಹೋದಾಗ ನಾನೇ ಧೈರ್ಯ ಮಾಡಿ ಕೇಳಿದೆ. ಡಾಕ್ಟರು ರಿಪೋರ್ಟಿನ ಹಿಂಬದಿಯಲ್ಲಿ ಎರಡು ಗೀಟು ಹಾಕಿ ಹೇಳಿದ ಮಾತು ಇದು: ಇವು ಭರಾಭರ ಹುಟ್ಟುವ ಕೋಶಗಳಲ್ಲ, ಸಾಯೋದನ್ನ ಮರೆತ ಕೋಶಗಳು. ಆ ಒಂದು ಸಾಲಿನ ಹಿಂದೆ ಹೋದವನಿಗೆ ಸಿಕ್ಕಿದ್ದು 180 ವರ್ಷಗಳ ಕಥೆ.

ಕ್ಯಾನ್ಸರ್ ಅಂದರೆ ಬೆಳವಣಿಗೆ. ಇದು ನಮಗೆಲ್ಲ ಇರುವ ತಿಳಿವಳಿಕೆ, ಮತ್ತು ಹೀಗೆ ತಿಳಿದಿದ್ದು ನಾವಷ್ಟೇ ಅಲ್ಲ. 1858ರಲ್ಲಿ ಬರ್ಲಿನ್ನಿನ ರುಡಾಲ್ಫ್ ವಿರ್ಕೋ, ಪ್ರತಿ ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ ಅನ್ನುವುದನ್ನು ರೋಗವಿಜ್ಞಾನದ ಬುನಾದಿ ಮಾಡಿದ. ಅಲ್ಲಿಂದ ಮುಂದೆ ಎಲ್ಲರ ಕಣ್ಣು ಹುಟ್ಟಿನ ಮೇಲೆ. ಕೋಶ ಹೇಗೆ ಒಡೆದು ಎರಡಾಗುತ್ತದೆ, ಯಾಕೆ ಹದ್ದು ಮೀರಿ ಒಡೆಯುತ್ತದೆ ಅನ್ನುವುದೇ ಪ್ರಶ್ನೆ. ಸಾವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೋಶ ಸಾಯುವುದು ಅಂದರೆ ಅಪಘಾತ: ಸುಟ್ಟರೆ, ರಕ್ತ ನಿಂತರೆ, ವಿಷ ತಾಗಿದರೆ ಸಾಯುತ್ತದೆ. ಅದರಲ್ಲಿ ತಿಳಿಯುವುದೇನಿದೆ?

ಕಂಡವರು ಇರಲಿಲ್ಲ ಅಂತಲ್ಲ. 1842ರಲ್ಲೇ ಕಾರ್ಲ್ ವೋಗ್ಟ್ ಅನ್ನುವಾತ ಕಪ್ಪೆಮರಿ ಕಪ್ಪೆಯಾಗುವುದನ್ನು ನೋಡುತ್ತಾ, ಬೆನ್ನೆಲುಬು ಮೂಡುವ ಜಾಗದಲ್ಲಿ ಮೊದಲಿದ್ದ ಕೋಶಗಳು ಕರಗಿಹೋಗಿ ಹೊಸವು ಬರುತ್ತವೆ ಅಂತ ಬರೆದಿದ್ದ. 1885ರಲ್ಲಿ ವಾಲ್ಥರ್ ಫ್ಲೆಮಿಂಗ್ ಅಂಡಾಶಯದ ಕೋಶಗಳು ಚೂರುಚೂರಾಗುವ ಚಿತ್ರವನ್ನೇ ಬರೆದ. ಎರಡೂ ಗ್ರಂಥಾಲಯದಲ್ಲಿ ಧೂಳು ತಿಂದವು.

ಮುಂದಿನ ಹೆಜ್ಜೆ ಬಂದಿದ್ದು ರೇಷ್ಮೆಯಿಂದ. ಕರ್ನಾಟಕದವರಿಗೆ ಇದು ಸ್ವಲ್ಪ ಚುರುಕ್ ಅನ್ನಿಸಬೇಕು. 1960ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ರಿಚರ್ಡ್ ಲಾಕ್‌ಶಿನ್ ಅನ್ನುವ ವಿದ್ಯಾರ್ಥಿ ತನ್ನ ಗುರು ಕ್ಯಾರಲ್ ವಿಲಿಯಮ್ಸ್ ಜೊತೆ ಕಾಡುರೇಷ್ಮೆ ಪತಂಗಗಳನ್ನು ಸಾಕುತ್ತಿದ್ದ. ಪತಂಗ ಗೂಡು ಬಿಟ್ಟು ಹೊರಬರಲು ಹೊಟ್ಟೆಯ ಕೆಲವು ಸ್ನಾಯುಗಳು ಬೇಕು. ಹೊರಬಂದ ಮೇಲೆ ಅವಕ್ಕೆ ಕೆಲಸವಿಲ್ಲ. ಒಂದೆರಡು ದಿನದಲ್ಲಿ ಅವು ಇಲ್ಲವೇ ಇಲ್ಲ! ಯಾರೂ ಗಾಯ ಮಾಡಿಲ್ಲ, ವಿಷ ಹಾಕಿಲ್ಲ. ಹಾರ್ಮೋನು ಕೊಟ್ಟ ಸೂಚನೆಯಂತೆ ಹೊತ್ತಿಗೆ ಸರಿಯಾಗಿ ಕರಗಿದ್ದವು. ಇದಕ್ಕೆ 1964ರಲ್ಲಿ ಅವರಿಟ್ಟ ಹೆಸರೇ ಪ್ರೋಗ್ರಾಮ್ಡ್ ಸೆಲ್ ಡೆತ್, ಅಂದರೆ ಮೊದಲೇ ಗೊತ್ತುಮಾಡಿಟ್ಟ ಕೋಶಮರಣ. ನಮ್ಮಲ್ಲಿ ಇಷ್ಟು ರೇಷ್ಮೆ ಇದ್ದೂ ಯಾರಿಗೂ ಕಾಣಲಿಲ್ಲವೇ ಅಂದರೆ, ನೂಲು ಬಿಚ್ಚುವವರು ಪತಂಗ ಹೊರಬರುವ ಮೊದಲೇ ಗೂಡನ್ನು ಬಿಸಿನೀರಿಗೆ ಹಾಕುತ್ತಾರೆ. ಪತಂಗದ ಮುಂದಿನ ಕಥೆ ಮೊಟ್ಟೆ ತಯಾರಿಸುವ ಕೇಂದ್ರದವರಿಗೆ ಮಾತ್ರ ಗೊತ್ತು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜಾನ್ ಕೆರ್ ಅನ್ನುವ ಆಸ್ಟ್ರೇಲಿಯಾದ ಯುವ ವೈದ್ಯ ಇಲಿಗಳ ಯಕೃತ್ತಿಗೆ ಹೋಗುವ ರಕ್ತನಾಳದ ಒಂದು ಕವಲನ್ನು ಕಟ್ಟಿ ಏನಾಗುತ್ತದೆ ಅಂತ ನೋಡುತ್ತಿದ್ದರು. ರಕ್ತ ಪೂರ್ತಿ ನಿಂತ ಕಡೆ ಕೋಶಗಳು ಉಬ್ಬಿ, ಒಡೆದು, ಸುತ್ತ ಕೀವು-ಊತ ಆಗಿತ್ತು. ಇದು ಹಳೆಯ ಕಥೆ. ಆದರೆ ಉಳಿದುಕೊಂಡ ಭಾಗದಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಬೇರೆಯೇ ರೀತಿ ಸಾಯುತ್ತಿತ್ತು. ಉಬ್ಬುವ ಬದಲು ಕುಗ್ಗುತ್ತಿತ್ತು. ಒಡೆದು ಚೆಲ್ಲುವ ಬದಲು ಪುಟ್ಟಪುಟ್ಟ ಪೊಟ್ಟಣಗಳಾಗುತ್ತಿತ್ತು. ಅಕ್ಕಪಕ್ಕದ ಕೋಶಗಳು ಆ ಪೊಟ್ಟಣಗಳನ್ನು ನುಂಗಿಬಿಡುತ್ತಿದ್ದವು. ಊತ ಇಲ್ಲ, ಕೀವಿಲ್ಲ, ಕೆಲವೇ ತಾಸಿನಲ್ಲಿ ಗುರುತೂ ಇಲ್ಲ. ನೂರಾರು ವರ್ಷ ಇದು ಕಣ್ಣಿಗೆ ಬೀಳದೇ ಇದ್ದದ್ದಕ್ಕೆ ಕಾರಣ ಇದೇ ನೋಡ್ರಿ. ನಮ್ಮ ಮೈಯಲ್ಲಿ ದಿನಕ್ಕೆ ಐದು ಸಾವಿರ ಕೋಟಿಗೂ ಹೆಚ್ಚು ಕೋಶಗಳು ಹೀಗೆ ಸಾಯುತ್ತವೆ ಅನ್ನುವುದು ಇವತ್ತಿನ ಅಂದಾಜು. ಒಂದು ಹೆಣವೂ ಬಯಲಿಗೆ ಬೀಳುವುದಿಲ್ಲ.

ಕೆರ್ ಊರಿಗೆ ಮರಳಿ, ಬ್ರಿಸ್ಬೇನಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದನ್ನೇ ಬೆನ್ನುಹತ್ತಿದರು. ಅಲ್ಲಿಗೆ ಬಂದಿದ್ದ ಸ್ಕಾಟ್ಲೆಂಡಿನ ಪ್ರೊಫೆಸರ್ ಅಲಸ್ಟೇರ್ ಕರಿ, ತನ್ನ ವಿದ್ಯಾರ್ಥಿ ಆಂಡ್ರ್ಯೂ ವೈಲಿ ಕೂಡ ಇಂಥದ್ದನ್ನೇ ಕಂಡಿದ್ದಾನೆ ಅಂದರು. ಮೂವರೂ ಅಬರ್ಡೀನಿನಲ್ಲಿ ಕೂಡಿ ಬರೆದ ಪ್ರಬಂಧ 1972ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್‌ನಲ್ಲಿ ಬಂತು. ಅಲ್ಲಿನ ಗ್ರೀಕ್ ಪ್ರೊಫೆಸರ್ ಜೇಮ್ಸ್ ಕಾರ್ಮಾಕ್ ಇದಕ್ಕೊಂದು ಹೆಸರು ಹುಡುಕಿಕೊಟ್ಟರು: ಅಪಾಪ್ಟೋಸಿಸ್. ಗಿಡದಿಂದ ಎಲೆ, ಹೂವಿನಿಂದ ಪಕಳೆ ಉದುರುವುದಕ್ಕೆ ಗ್ರೀಕರು ಬಳಸುತ್ತಿದ್ದ ಶಬ್ದ.

ಈ ಎಲೆ ಉದುರುವ ಮಾತನ್ನು ನಾನು ಚಿಗವ್ವನಿಗೆ ಹೇಳಿದಾಗ ಆಕೆ ಹಿತ್ತಲ ಬೇವಿನ ಗಿಡ ತೋರಿಸಿದಳು. ಗಾಳಿಗೆ ಮುರಿದು ಜೋತಾಡುತ್ತಿದ್ದ ಒಂದು ಟೊಂಗೆ ಇತ್ತು. "ನೋಡು, ಮುರದ ಟೊಂಗಿ ಎಲಿ ಒಣಗಿದ್ರೂ ಉದರೂದಿಲ್ಲ. ಜೀವ ಇರೂ ಟೊಂಗೀನ ಎಲಿ ಬಿಡೂದು." ಸಸ್ಯವಿಜ್ಞಾನದವರನ್ನು ಕೇಳಿದರೆ ಅಕ್ಷರಶಃ ಸರಿ ಅನ್ನುತ್ತಾರೆ. ಎಲೆಯ ತೊಟ್ಟಿನ ಬುಡದಲ್ಲಿ ಜೀವಂತ ಕೋಶಗಳು ಕೆಲಸ ಮಾಡಿ ಒಂದು ಪದರವನ್ನು ಸಡಿಲಗೊಳಿಸಿದರೆ ಮಾತ್ರ ಎಲೆ ಕಳಚುತ್ತದೆ. ಸತ್ತ ಟೊಂಗೆಗೆ ಆ ಶಕ್ತಿ ಇರುವುದಿಲ್ಲ. ಕಾರ್ಮಾಕ್ ಕೊಟ್ಟ ಹೆಸರಿನಲ್ಲಿ ಇಷ್ಟು ಅರ್ಥ ಇತ್ತು ಅಂತ ನನಗೆ ಹೊಳೆದದ್ದು ಜಕ್ಕಲಿಯ ಹಿತ್ತಲಲ್ಲಿ.

ಆ ಪ್ರಬಂಧ ಗಡ್ಡೆಗಳ ಬಗ್ಗೆಯೂ ಒಂದು ಮಾತು ಹೇಳಿತ್ತು. ಗಡ್ಡೆಯ ಗಾತ್ರ ಅಂದರೆ ಹುಟ್ಟಿದ್ದರಲ್ಲಿ ಸತ್ತದ್ದನ್ನು ಕಳೆದು ಉಳಿದದ್ದು. ಜಮಾ-ಖರ್ಚಿನ ಪುಸ್ತಕದಲ್ಲಿ ಖರ್ಚಿನ ಪುಟವನ್ನೇ ಯಾರೂ ತೆರೆದಿರಲಿಲ್ಲ! ಆದರೂ ಸುಮಾರು ಹದಿನೈದು ವರ್ಷ ಯಾರೂ ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ನಮ್ಮ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆ ಶುರುವಾದದ್ದು ಮರುವರ್ಷ, 1973ರಲ್ಲಿ. ಅಲ್ಲಿಯೂ, ಜಗತ್ತಿನ ಎಲ್ಲ ಕಡೆಯೂ, ವಿಕಿರಣ ಕೊಟ್ಟರೆ ಗಡ್ಡೆ ಕರಗುತ್ತದೆ ಅಂತ ಗೊತ್ತಿತ್ತು. ಕರಗುವ ಕೋಶಗಳಲ್ಲಿ ಎಷ್ಟೋ ತಮ್ಮನ್ನು ತಾವೇ ಕಳಚಿಕೊಳ್ಳುತ್ತಿವೆ ಅನ್ನುವುದು ಗೊತ್ತಿರಲಿಲ್ಲ.

ಮಧ್ಯೆ ಒಂದು ಹುಳದ ಕಥೆ ಬರುತ್ತದೆ, ಬೇಗ ಹೇಳಿಬಿಡುತ್ತೇನೆ. ಕೇಂಬ್ರಿಡ್ಜಿನಲ್ಲಿ ಜಾನ್ ಸಲ್ಸ್‌ಟನ್ ಒಂದು ಮಿಲಿಮೀಟರಿನ ಪಾರದರ್ಶಕ ಹುಳವನ್ನು ಗಂಟೆಗಟ್ಟಲೆ ನೋಡಿ ಅದರ ಒಂದೊಂದು ಕೋಶದ ವಂಶಾವಳಿ ಬರೆದರು. ಹುಟ್ಟುವುದು 1,090 ಕೋಶ, ಸಾಯುವುದು 131, ಉಳಿಯುವುದು 959. ಪ್ರತಿ ಹುಳದಲ್ಲೂ ಅದೇ 131. ಹಾಗಾದರೆ ಸಾವು ವಂಶವಾಹಿಯಲ್ಲೇ ಬರೆದಿರಬೇಕು! 1986ರಲ್ಲಿ ರಾಬರ್ಟ್ ಹಾರ್ವಿಟ್ಸ್ ಅವರ ತಂಡ ಸೆಡ್-3, ಸೆಡ್-4 ಅನ್ನುವ ಎರಡು ಜೀನ್ ಹಿಡಿಯಿತು. ಅವು ಕೆಟ್ಟರೆ ಸಾಯಬೇಕಾದ ಕೋಶಗಳು ಸಾಯುವುದಿಲ್ಲ. 2002ರ ನೊಬೆಲ್ ಈ ಹುಳದ ಕೆಲಸಕ್ಕೆ ಬಂತು: ಬ್ರೆನರ್, ಹಾರ್ವಿಟ್ಸ್, ಸಲ್ಸ್‌ಟನ್. ಕೆರ್ ಹೆಸರು ಅದರಲ್ಲಿ ಇರಲಿಲ್ಲ. ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಈಗ ಚಿಗವ್ವನ ಗಂಟಿಗೆ ಬರೋಣ.

1984ರಲ್ಲಿ ಫಿಲಡೆಲ್ಫಿಯಾದಲ್ಲಿ ಯೊಶಿಹಿದೆ ತ್ಸುಜಿಮೊತೊ ಮತ್ತು ಕಾರ್ಲೊ ಕ್ರೋಚೆ ಫಾಲಿಕ್ಯುಲರ್ ಲಿಂಫೋಮಾದ ಕೋಶಗಳಲ್ಲಿ ಒಂದು ವಿಚಿತ್ರದ ಮೂಲ ಹುಡುಕಿದರು. ಈ ರೋಗಿಗಳಲ್ಲಿ ಹೆಚ್ಚಿನವರಿಗೆ 14ನೇ ವರ್ಣತಂತು ಮತ್ತು 18ನೇ ವರ್ಣತಂತು ತುಂಡಾಗಿ, ಅದಲುಬದಲಾಗಿ ಅಂಟಿಕೊಂಡಿರುತ್ತವೆ. 18ರಲ್ಲಿ ತುಂಡಾದ ಜಾಗದಲ್ಲಿದ್ದ ಜೀನಿಗೆ ಬಿಸಿಎಲ್-2 ಅಂತ ಹೆಸರಿಟ್ಟರು. 14ರಲ್ಲಿ ಇರುವುದು ರೋಗನಿರೋಧಕ ಪ್ರತಿಕಾಯ ತಯಾರಿಸುವ ಜೀನ್, ಬಿ ಕೋಶದಲ್ಲಿ ಅದು ಸದಾ ಚಾಲೂ. ನಮ್ಮೂರಿನ ಭಾಷೆಯಲ್ಲಿ ಹೇಳಬೇಕಂದ್ರೆ, ಹೊಲದ ಪಂಪ್‌ಸೆಟ್ಟಿನ ವೈರು ಹೋಗಿ ಊರಿನ ನಿರಂತರ ಜ್ಯೋತಿ ಲೈನಿಗೆ ಕೂಡಿಕೊಂಡ ಹಾಗೆ. ಹೊತ್ತಿಗೊಮ್ಮೆ ಬಂದು ಹೋಗಬೇಕಾದ ಕರೆಂಟು ಹಗಲೂ ರಾತ್ರಿ ಹರಿಯುತ್ತದೆ.

ಹಾಗಾದರೆ ಬಿಸಿಎಲ್-2 ಕೂಡ ಕೋಶವನ್ನು ಭರಾಭರ ಒಡೆಯುವ ಜೀನೇ ಇರಬೇಕು ಅಂತ ಎಲ್ಲರೂ ಅಂದುಕೊಂಡರು. ಆಗ ಗೊತ್ತಿದ್ದ ಕ್ಯಾನ್ಸರ್ ಜೀನುಗಳೆಲ್ಲ ಹಾಗೇ ಇದ್ದವಲ್ಲ. 1988ರಲ್ಲಿ ಮೆಲ್ಬರ್ನಿನಲ್ಲಿ ಡೇವಿಡ್ ವಾಕ್ಸ್ ಅನ್ನುವ ಸಂಶೋಧನಾ ವಿದ್ಯಾರ್ಥಿ, ಸೂಜನ್ ಕೋರಿ ಮತ್ತು ಜೆರಿ ಆಡಮ್ಸ್ ಅವರ ಪ್ರಯೋಗಾಲಯದಲ್ಲಿ, ಈ ಜೀನನ್ನು ರಕ್ತದ ಕೋಶಗಳಿಗೆ ಸೇರಿಸಿ ಅವುಗಳ ಆಹಾರದಂತಿದ್ದ ಬೆಳವಣಿಗೆಯ ಅಂಶವನ್ನು ಕಿತ್ತುಕೊಂಡ. ಮಾಮೂಲಿ ಕೋಶಗಳಾದರೆ ಒಂದೆರಡು ದಿನದಲ್ಲಿ ಸಾಯಬೇಕು. ಇವು ಸಾಯಲಿಲ್ಲ. ಬೆಳೆಯಲೂ ಇಲ್ಲ! ಸುಮ್ಮನೆ ಕೂತವು. ಕ್ಯಾನ್ಸರ್ ತರುವ ಜೀನೊಂದು ಹುಟ್ಟನ್ನು ಹೆಚ್ಚಿಸದೆ ಬರೀ ಸಾವನ್ನು ತಡೆಯಬಲ್ಲದು ಅನ್ನುವುದು ಮೊದಲ ಸಲ ಕಂಡದ್ದು ಆ ತಟ್ಟೆಯಲ್ಲಿ. ನಾಲ್ಕು ವರ್ಷದ ನಂತರ ಅದೇ ವಾಕ್ಸ್ ಮನುಷ್ಯರ ಬಿಸಿಎಲ್-2 ಜೀನನ್ನು ಆ ಹುಳಕ್ಕೆ ಸೇರಿಸಿದಾಗ ಹುಳದ ಸಾಯಬೇಕಿದ್ದ ಕೋಶಗಳೂ ಬದುಕಿದವು.

"ಬೆಳೀಲಾರದ್ದು ಏನ್ ಮಾಡೀತು" ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿದೆ. ಸಾಯದೆ ಕೂತ ಕೋಶಕ್ಕೆ ಕಾಲಾವಕಾಶ ಸಿಗುತ್ತದೆ. ವರ್ಷಗಟ್ಟಲೆ ಕೂತಲ್ಲೇ ಮತ್ತೊಂದು, ಮಗದೊಂದು ಕೆಡುಕು ಸೇರುತ್ತಾ ಹೋಗುತ್ತದೆ. ಈ ಅದಲುಬದಲು ಒಂದೇ ಸಾಲದು ಅನ್ನುವುದಕ್ಕೆ ಸಾಕ್ಷಿಯೂ ಇದೆ. ಅದು ಆರೋಗ್ಯವಂತರ ರಕ್ತದಲ್ಲೂ ಸಿಗುತ್ತದೆ, ಅವರಲ್ಲಿ ಬಹುತೇಕರಿಗೆ ಎಂದೂ ಲಿಂಫೋಮಾ ಬರುವುದಿಲ್ಲ. ಹಾಗೆಯೇ ಡಾಕ್ಟರು "ಈಗ ಔಷಧ ಬೇಡ" ಅಂದದ್ದೂ ಕೈಬಿಟ್ಟದ್ದಲ್ಲ. ತೊಂದರೆ ಕೊಡದೆ ನಿಧಾನ ಇರುವ ಈ ರೋಗದಲ್ಲಿ ಮೊದಲೇ ಕೀಮೋ ಕೊಟ್ಟವರು, ಕಾದು ಕೊಟ್ಟವರಿಗಿಂತ ಹೆಚ್ಚು ದಿನ ಬದುಕುತ್ತಾರೆ ಅಂತ ಅಧ್ಯಯನಗಳಲ್ಲಿ ಕಂಡಿಲ್ಲ. ಇದನ್ನು ಎರಡು ನಿಮಿಷ ಕೂತು ಹೇಳಿದ್ದರೆ ಆ ಮೂರು ತಿಂಗಳ ಸೂತಕ ತಪ್ಪುತ್ತಿತ್ತು. ಹೊರಗೆ ಎಂಬತ್ತು ಜನ ಕಾಯುತ್ತಿದ್ದರು, ಅದೂ ನಿಜ.

ಆದರೆ ವರ್ಣತಂತು ಅಲ್ಲೇ ಯಾಕೆ ತುಂಡಾಗಬೇಕು? ಇಷ್ಟುದ್ದದ 18ನೇ ವರ್ಣತಂತುವಿನಲ್ಲಿ, ಇಂಥ ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ, 150 ಅಕ್ಷರಗಳಷ್ಟು ಚಿಕ್ಕ ಜಾಗದಲ್ಲೇ ತುಂಡಾಗಿರುತ್ತದೆ. ಈ ಒಗಟಿನ ಉತ್ತರದಲ್ಲಿ ಬೆಂಗಳೂರಿನ ಪಾಲಿದೆ. ಸತೀಶ್ ರಾಘವನ್ ಅಮೆರಿಕದಲ್ಲಿ ಮೈಕೆಲ್ ಲೀಬರ್ ಜೊತೆ ಕೆಲಸ ಮಾಡುತ್ತಿದ್ದಾಗ, 2004ರಲ್ಲಿ, ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದು ಇದು: ಆ ಜಾಗದಲ್ಲಿ ಡಿಎನ್‌ಎ ಮಾಮೂಲಿ ಎರಡೆಳೆಯ ಹುರಿಯಂತೆ ಇರುವುದಿಲ್ಲ, ಸೊಟ್ಟಗೆ ಬಿಚ್ಚಿಕೊಂಡಿರುತ್ತದೆ. ಪ್ರತಿಕಾಯದ ಜೀನ್ ಕತ್ತರಿಸಲು ಬಿ ಕೋಶದಲ್ಲಿ ರ್‍ಯಾಗ್ ಅನ್ನುವ ಒಂದು ಕತ್ತರಿ ಇದೆ. ಅದು ಈ ಸೊಟ್ಟ ಜಾಗವನ್ನು ಕಂಡು ಮೋಸಹೋಗಿ ಅಲ್ಲೂ ಕತ್ತರಿ ಆಡಿಸುತ್ತದೆ. ನಂತರ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಕಡೆಗೆ, ಬಂದರು. 2011ರಲ್ಲಿ ಅವರ ತಂಡ ಅಲ್ಲಿನ ಡಿಎನ್‌ಎ ನಾಲ್ಕೆಳೆಯ ಗಂಟಾಗಿ ಕೂರಬಲ್ಲದು ಅಂತ ತೋರಿಸಿತು. ಗಂಟಿನ ಮೂಲದಲ್ಲೇ ಒಂದು ಗಂಟು ಅನ್ನಿ.

ರೋಗ ಹೇಗೆ ಹುಟ್ಟುತ್ತೆ ಅಂತ ಗೊತ್ತಾದ ಮೇಲೆ ಔಷಧದ ಮಾತು. ಬಿಸಿಎಲ್-2 ಪ್ರೋಟೀನು ಸಾವಿನ ಸಂದೇಶ ತರುವ ಪ್ರೋಟೀನುಗಳನ್ನು ತಬ್ಬಿ ಹಿಡಿದುಕೊಂಡಿರುತ್ತದೆ. ಅದರ ಹಿಡಿತದ ಗುಣಿಗೆ ಬೇರೆ ಏನಾದರೂ ತುರುಕಿದರೆ ಅವು ಬಿಡುಗಡೆಯಾಗಿ ಕೋಶ ಸಾಯುತ್ತದೆ. ಮೊದಲು ಬಂದ ನ್ಯಾವಿಟೋಕ್ಲಾಕ್ಸ್ ಈ ಕೆಲಸ ಮಾಡಿತು, ಆದರೆ ಬಿಸಿಎಲ್-2ರ ದಾಯಾದಿಯೊಂದನ್ನೂ ಹಿಡಿಯಿತು. ನಮ್ಮ ಪ್ಲೇಟ್‌ಲೆಟ್ಟುಗಳು ಬದುಕಿರುವುದೇ ಆ ದಾಯಾದಿಯ ದಯೆಯಿಂದ. ಹಾಗಾಗಿ ರೋಗಿಯ ಪ್ಲೇಟ್‌ಲೆಟ್ ಕುಸಿಯತೊಡಗಿತು. ಬಿಸಿಎಲ್-2 ಒಂದನ್ನೇ ಹಿಡಿಯುವ ವೆನೆಟೋಕ್ಲಾಕ್ಸ್‌ಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಒಂದು ಬಗೆಯ ರಕ್ತ ಕ್ಯಾನ್ಸರಿಗೆ. ಅದರ ಮೊದಲ ಪ್ರಯೋಗಗಳಲ್ಲಿ ಭಯಾನಕ ಸಂಗತಿ ನಡೆಯಿತು. ವರ್ಷಗಟ್ಟಲೆ ಸಾಯದೆ ಕೂತಿದ್ದ ಕೋಶಗಳು ಒಮ್ಮೆಲೇ, ಕೆಲವೇ ತಾಸಿನಲ್ಲಿ, ಸಾಯತೊಡಗಿ ಅವುಗಳ ಒಳಗಿದ್ದದ್ದೆಲ್ಲ ರಕ್ತಕ್ಕೆ ನುಗ್ಗಿ ಕೆಲವು ರೋಗಿಗಳೇ ತೀರಿಕೊಂಡರು. ಅದಕ್ಕೇ ಈಗ ಮೊದಲ ವಾರ 20 ಮಿಲಿಗ್ರಾಂ, ಆಮೇಲೆ 50, 100, 200, ಐದನೇ ವಾರಕ್ಕೆ 400 ಅಂತ ಮೆಟ್ಟಿಲು ಹತ್ತಿಸುತ್ತಾರೆ.

ಅದೇ 2016ರಲ್ಲಿ ರಾಘವನ್ ಅವರ ತಂಡ ಡೈಸಾರಿಬ್ ಅನ್ನುವ ಅಣುವಿನ ಬಗ್ಗೆ ಪ್ರಕಟಿಸಿತು. ಇದೂ ಬಿಸಿಎಲ್-2ನ್ನೇ ಹಿಡಿಯುತ್ತದೆ, ಆದರೆ ಉಳಿದ ಔಷಧಗಳು ಕೂರುವ ಜಾಗದಲ್ಲಿ ಅಲ್ಲ, ಬೇರೊಂದು ಕಡೆ. ಇಲಿಗಳಲ್ಲಿ ಗಡ್ಡೆ ಕುಗ್ಗಿತು, ಪ್ಲೇಟ್‌ಲೆಟ್ ಉಳಿಯಿತು. ಈ ಕೆಲಸದಲ್ಲಿ ಕೈಜೋಡಿಸಿದ ರಸಾಯನವಿಜ್ಞಾನಿ ಸುಭಾಸ ಕರ್ಕಿ, ಬೆಂಗಳೂರಿನ ಕೆಎಲ್‌ಇ ಫಾರ್ಮಸಿ ಕಾಲೇಜಿನವರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಮಾಸ್ತರರು ಕೂಡಿ ಕಟ್ಟಿದ ಸಂಸ್ಥೆಯ ಹೆಸರು ಇಲ್ಲಿ ಕೇಳಿ, ನಮ್ಮ ಕಡೆಯವನಾಗಿ ನನಗೆ ಸ್ವಲ್ಪ ಹೆಮ್ಮೆಯಾಯಿತು, ಸುಳ್ಳೇಕೆ. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಬಹಳ ದೂರದ್ದು, ಬಹಳ ದುಡ್ಡಿನದ್ದು. ಡೈಸಾರಿಬ್ ಇನ್ನೂ ಔಷಧದಂಗಡಿಯ ವಸ್ತುವಲ್ಲ.

ಎಲ್ಲ ಕ್ಯಾನ್ಸರುಗಳೂ ಸಾವನ್ನು ಇದೇ ದಾರಿಯಲ್ಲಿ ತಪ್ಪಿಸಿಕೊಳ್ಳುವುದಿಲ್ಲ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಾಣುವುದು ಗರ್ಭಕಂಠದ ಕ್ಯಾನ್ಸರು, ಗಂಡಸರಲ್ಲಿ ತಂಬಾಕು-ಗುಟ್ಕಾದ ಬಾಯಿ ಕ್ಯಾನ್ಸರು. ಇಲ್ಲಿ ಮುಖ್ಯ ಪಾತ್ರ ಪಿ53 ಅನ್ನುವ ಪ್ರೋಟೀನಿನದು. 1979ರಲ್ಲಿ ಸಿಕ್ಕಿತು, ಹತ್ತು ವರ್ಷ ಅದನ್ನು ಅಪರಾಧಿ ಅಂತಲೇ ನಂಬಿದ್ದರು. 1989ರಲ್ಲಿ ಗೊತ್ತಾಯಿತು ಅದು ಕಾವಲುಗಾರ ಅಂತ. ಡಿಎನ್‌ಎ ಸರಿಪಡಿಸಲಾಗದಷ್ಟು ಕೆಟ್ಟರೆ ಕೋಶಕ್ಕೆ ಸಾಯಲು ಹೇಳುವುದು ಅದೇ. ತಂಬಾಕಿನ ವಿಷ ಈ ಕಾವಲುಗಾರನ ಜೀನನ್ನೇ ಕೆಡಿಸುತ್ತದೆ. ಗರ್ಭಕಂಠದಲ್ಲಿ ಕೂರುವ ಎಚ್‌ಪಿವಿ ವೈರಸ್ಸಿನ ಉಪಾಯ ಇನ್ನೂ ಚಾಲಾಕಿನದು. ಅದರ ಇ6 ಪ್ರೋಟೀನು ಕಾವಲುಗಾರನಿಗೆ ಕಸದ ಚೀಟಿ ಅಂಟಿಸಿಬಿಡುತ್ತದೆ, ಕೋಶ ತಾನೇ ಅವನನ್ನು ಹೊರಗೆಸೆಯುತ್ತದೆ. ಇದು 1990ರಲ್ಲಿ ಗೊತ್ತಾದದ್ದು. ಈ ವೈರಸ್ಸಿಗೆ ಲಸಿಕೆ ಇದೆ, ಒಂಬತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರಿಗೆ ಕೊಟ್ಟರೆ ಹೆಚ್ಚು ಫಲ. ಇನ್ನು ಆನೆಗಳಿಗೆ ಈ ಕಾವಲುಗಾರನ ಜೀನ್ ನಮ್ಮಂತೆ ಒಂದು ಜೊತೆಯಲ್ಲ, ಸುಮಾರು ಇಪ್ಪತ್ತು ಪ್ರತಿ ಅಂತ 2015ರಲ್ಲಿ ಗೊತ್ತಾಯಿತು. ಅಷ್ಟು ದೊಡ್ಡ ಮೈ, ಆದರೂ ಅವಕ್ಕೆ ಕ್ಯಾನ್ಸರ್ ಬಹಳ ಅಪರೂಪ. ಅದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ನುತ್ತಾರೆ.

ಚಿಗವ್ವನದು ಎರಡು ವರ್ಷ ಹಾಗೇ ಇತ್ತು. ಆಮೇಲೆ ಕಂಕುಳಲ್ಲೂ ಗಂಟು ಬಂತು, ರಾತ್ರಿ ಮೈಯೆಲ್ಲ ಬೆವರತೊಡಗಿತು, ತೂಕ ಇಳಿಯಿತು. ಈಗ ಶುರು ಮಾಡೋಣ ಅಂದರು. ರಿಟುಕ್ಸಿಮ್ಯಾಬ್ ಸಲೈನು, ಕೀಮೋ, ಜೊತೆಗೆ ಐದು ದಿನ ಪ್ರೆಡ್ನಿಸೋಲೋನ್ ಮಾತ್ರೆ. ಆ ಮಾತ್ರೆ ಅಗ್ಗದ್ದು, ಹಳೆಯದು. 1980ರಲ್ಲಿ ಅಬರ್ಡೀನ್ ಮೂವರಲ್ಲಿ ಒಬ್ಬರಾದ ವೈಲಿ ಇದೇ ಜಾತಿಯ ಸ್ಟೆರಾಯ್ಡನ್ನು ಇಲಿಯ ಬಿಳಿ ರಕ್ತಕಣಗಳಿಗೆ ಹಾಕಿದಾಗ, ಅವು ತಮ್ಮ ಡಿಎನ್‌ಎಯನ್ನು ತಾವೇ ಅಳತೆ ಹಿಡಿದಂತೆ ಸಮನಾದ ತುಂಡುಗಳಾಗಿ ಕತ್ತರಿಸಿಕೊಂಡು ಸತ್ತದ್ದನ್ನು ಕಂಡಿದ್ದರು. ವರ್ಷಗಟ್ಟಲೆ ಡಾಕ್ಟರುಗಳು ಕೊಡುತ್ತಾ ಬಂದ ಮಾತ್ರೆ ಒಳಗೆ ಏನು ಮಾಡುತ್ತದೆ ಅನ್ನುವುದು ಆಗ ಗೊತ್ತಾಯಿತು.

ಇನ್ನೊಂದು ಮಾತ್ರೆಯೂ ಇತ್ತು, ಅಲೋಪ್ಯೂರಿನಾಲ್. ಅದರ ಜೊತೆ ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು ಅಂತ ತಾಕೀತು. "ಇದ್ಯಾಕ ಇಷ್ಟ ನೀರು?" ಅಂತ ಚಿಗವ್ವ ಕೇಳಿದಳು. ಸತ್ತ ಕೋಶಗಳ ಕಸ ಮೂತ್ರಪಿಂಡದಲ್ಲಿ ಕಟ್ಟಿಕೊಳ್ಳದೆ ಹರಿದು ಹೋಗಲಿ ಅಂತ ಅಂದೆ. ಆಕೆ ಸ್ವಲ್ಪ ಹೊತ್ತು ಕುತ್ತಿಗೆ ಮುಟ್ಟಿಕೊಂಡು ಕೂತಳು. "ಹಂಗಾರ ಈಗ ಸಾಯಾಕತ್ತಾವ?" ಅಂದಳು. ಹೌದು ಚಿಗವ್ವ ಅಂದೆ. ಚೆರಿಗೆ ತರಿಸಿಕೊಂಡು ಗಟಗಟ ಕುಡಿದಳು.

ಆರು ಸುತ್ತು ಮುಗಿದು ಈಗ ಆರು ತಿಂಗಳಿಗೊಮ್ಮೆ ಹೋಗಿ ಬರುತ್ತಾಳೆ. ಈ ರೋಗ ಪೂರ್ತಿ ಹೋಗುವುದು ಅಪರೂಪ, ಮತ್ತೆ ಬರಬಹುದು, ಆಗ ಮತ್ತೆ ಔಷಧ ಅಂತ ಡಾಕ್ಟರು ಈ ಸಲ ಬಿಡಿಸಿ ಹೇಳಿದ್ದಾರೆ. ಮುಂದಿನ ತಾರೀಖು ಸೀಗಿ ಹುಣ್ಣಿಮೆಗೇ ಬಂದಿತ್ತು. ಹೊಲಕ್ಕೆ ಚರಗ ಚೆಲ್ಲಲು ಹೋಗಬೇಕು, ನಾಲ್ಕು ದಿನ ಮುಂದೆ ಹಾಕಿಸು ಅಂತ ನನಗೆ ಫೋನು ಮಾಡಿದ್ದಳು. ಹಾಕಿಸಿದ್ದೇನೆ.